ದ್ರಾಕ್ಷಿ ಬೀಜದ ಸಾರದ ಕ್ಯಾಪ್ಸೂಲ್: ಸ್ಟೆಂಟ್ ಇರುವವರು ತೆಗೆದುಕೊಳ್ಳಬಹುದಾ?

ವಿಜಯನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ 68 ವರ್ಷ. ಹೋದ ವರ್ಷ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಈಗ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಬಿ.ಪಿ.ಗೆ ಟೆಲ್ಮಿಸಾರ್ಟನ್, ರಾತ್ರಿ ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ ನಡೆಯುತ್ತಿದೆ. ಅಮೆರಿಕದಲ್ಲಿರುವ ಅವರ ತಂಗಿ ಮಗ ಮೊನ್ನೆ ಬಂದಾಗ ದ್ರಾಕ್ಷಿ ಬೀಜದ ಸಾರದ ದೊಡ್ಡ ಡಬ್ಬಿ ತಂದುಕೊಟ್ಟಿದ್ದಾನೆ. ಪಾರ್ಕಿನಲ್ಲಿ ವಾಕಿಂಗ್ ಬರುವ ಗೆಳೆಯರೂ ಅದನ್ನೇ ಹೊಗಳಿದ್ದಾರೆ. "ಆರು ತಿಂಗಳು ತಗೊಳ್ಳಿ, ಆಮೇಲೆ ಬಿ.ಪಿ. ಮಾತ್ರೆ ತಾನಾಗೇ ಬಿಟ್ಟುಹೋಗುತ್ತೆ" ಅಂತ ಒಬ್ಬರು ಹೇಳಿದ್ದಾರಂತೆ.

ಡಬ್ಬಿಯ ಸೀಲ್ ಇನ್ನೂ ಒಡೆದಿಲ್ಲ. ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ವಾರ. ಅಲ್ಲಿಯವರೆಗೆ ಮಾವನವರನ್ನು ತಡೆಯುವುದು ಕಷ್ಟ. ಇದರಿಂದ ನಿಜವಾಗಿ ಉಪಯೋಗ ಇದೆಯಾ? ಈ ಮಾತ್ರೆಗಳ ಜೊತೆ ಹೊಂದುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಗಿರಿನಗರ ಮೆಡಿಕಲ್ಸ್

ಅಕ್ಕ, ಸೀಲ್ ಒಡೆಯಬೇಡಿ. ಮೊದಲು ಅಷ್ಟು ಮಾಡಿ, ಉಳಿದದ್ದು ನಿಧಾನಕ್ಕೆ ಮಾತಾಡೋಣ.

ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಎರಡೂ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುವ ಮಾತ್ರೆಗಳು. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಾರದು ಅಂತಲೇ ಕೊಟ್ಟಿರುತ್ತಾರೆ. ದ್ರಾಕ್ಷಿ ಬೀಜದ ಸಾರಕ್ಕೂ ಸ್ವಲ್ಪ ಮಟ್ಟಿಗೆ ಅದೇ ಗುಣ ಇದೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಮೂರೂ ಸೇರಿದರೆ ರಕ್ತಸ್ರಾವದ ಅಪಾಯ ಜಾಸ್ತಿ ಆಗಬಹುದು. ಅದಕ್ಕೇ ರಕ್ತ ತೆಳು ಮಾಡುವ ಔಷಧಿ ತೆಗೆದುಕೊಳ್ಳುವವರು, ಆಪರೇಷನ್ ಆಗಬೇಕಿರುವವರು, ರಕ್ತ ಬೇಗ ನಿಲ್ಲದ ಕಾಯಿಲೆ ಇರುವವರು ಇದರಿಂದ ದೂರ ಇರಬೇಕು ಅಂತ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ರಕ್ತ ತೆಳು ಮಾಡುವ ವಾರ್ಫರಿನ್ ಜೊತೆ ಆಸ್ಪಿರಿನ್ ಹೆಸರನ್ನೂ ಅವರು ಹೇಳಿದ್ದಾರೆ.

ಇನ್ನೊಂದು ಪ್ರಶ್ನೆ. ಮಾವನವರು ಬೇರೆ ಏನಾದರೂ ತಗೋತಾರಾ? ಮೀನೆಣ್ಣೆ ಕ್ಯಾಪ್ಸೂಲ್, ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕ್ಗೊ ಎಲೆಯ ಸಾರ? ನಮ್ಮ ಅಂಗಡಿಗೆ ಬರುವ ಹಿರಿಯರು "ಅದು ಮಾತ್ರೆ ಅಲ್ಲಪ್ಪ, ಸುಮ್ನೆ ಶಕ್ತಿಗೆ" ಅಂತ ಅದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡಾಕ್ಟರ್ ಹತ್ತಿರ ಹೇಳುವುದೂ ಇಲ್ಲ.

ಲಾಲ್‌ಬಾಗ್ ವೆಸ್ಟ್‌ಗೇಟ್

ನಾನು ಇದನ್ನು ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ಬಿ.ಪಿ. 140ರ ಹತ್ತಿರ ಇದ್ದದ್ದು ಈಗ 128. ಏನೂ ತೊಂದರೆ ಆಗಿಲ್ಲ. ಹಣ್ಣಿನ ಬೀಜ ಅಲ್ವಾ ಸ್ವಾಮಿ? ನಾವೆಲ್ಲ ಚಿಕ್ಕವರಿದ್ದಾಗ ದ್ರಾಕ್ಷಿ ಬೀಜ ಸಮೇತ ನುಂಗಿ ಬೆಳೆದವರು. ಈಗ ಅದಕ್ಕೂ ಹೆದರಬೇಕು ಅಂದರೆ ಹೇಗೆ?

ಗಿರಿನಗರ ಮೆಡಿಕಲ್ಸ್

ಸರ್, ನೀವು ಆ ಎರಡು ವರ್ಷದಲ್ಲಿ ವಾಕಿಂಗ್ ಕೂಡ ಶುರು ಮಾಡಿದ್ದಿರಿ ಅಂತ ಬೇರೆ ಚರ್ಚೆಯಲ್ಲಿ ಬರೆದಿದ್ದಿರಿ. ನನಗೆ ನೆನಪಿದೆ. 🙂

ಲಾಲ್‌ಬಾಗ್ ವೆಸ್ಟ್‌ಗೇಟ್

ವಾಕಿಂಗೂ ಮಾಡಿದೆ, ಉಪ್ಪಿನಕಾಯಿನೂ ಬಿಟ್ಟೆ. ಹಾಗಂತ ಕ್ಯಾಪ್ಸೂಲ್‌ಗೆ ಪಾಲು ಕೊಡಲ್ಲ ಅಂದರೆ ಅನ್ಯಾಯ.

ಫುಡ್ ಲ್ಯಾಬ್ ಹುಡುಗ

ನಾನು ಆಹಾರ ಪರೀಕ್ಷೆ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಈ ಕ್ಯಾಪ್ಸೂಲ್ ಒಳಗೆ ಏನಿರುತ್ತದೆ ಅನ್ನುವುದನ್ನು ಹೇಳುತ್ತೇನೆ. ಲಾಭ ನಷ್ಟ ಡಾಕ್ಟರ್‌ಗಳಿಗೆ ಬಿಟ್ಟೆ.

ವೈನ್ ಅಥವಾ ಜ್ಯೂಸ್ ತೆಗೆದ ಮೇಲೆ ಸಿಪ್ಪೆ, ಬೀಜ, ತೊಟ್ಟು ಸೇರಿದ ಹಿಪ್ಪೆ ಉಳಿಯುತ್ತದೆ. ಅದರಿಂದ ಬೀಜ ಬೇರೆ ಮಾಡಿ ಒಣಗಿಸುತ್ತಾರೆ. ಪುಡಿ ಮಾಡಿ ನೀರು ಅಥವಾ ಆಲ್ಕೊಹಾಲ್‌ನಲ್ಲಿ ಸಾರ ಇಳಿಸುತ್ತಾರೆ, ಆಮೇಲೆ ಆ ದ್ರವ ಆರಿಸಿ ಪುಡಿ ಮಾಡುತ್ತಾರೆ. ಕೆಂಪು ಕಂದು ಬಣ್ಣದ ನುಣ್ಣನೆ ಪುಡಿ. ಕ್ಯಾಪ್ಸೂಲ್ ಬಿಚ್ಚಿ ಒಂದು ಚಿಟಿಕೆ ನಾಲಿಗೆ ಮೇಲೆ ಇಟ್ಟರೆ ಎಳೇ ಅಡಿಕೆ ಜಗಿದ ಹಾಗೆ ಒಗರು, ಬಾಯೆಲ್ಲ ಬಿಗಿದುಕೊಳ್ಳುತ್ತದೆ. ಆ ಒಗರಿನ ವಸ್ತುಗಳೇ ಇಲ್ಲಿ ಮುಖ್ಯ. ಪ್ರೊಆಂಥೋಸಯನಿಡಿನ್ ಅನ್ನುತ್ತಾರೆ. ಡಬ್ಬಿ ಮೇಲೆ ಓಪಿಸಿ ಅಂತ ಬರೆದಿದ್ದರೆ ಅದರಲ್ಲಿನ ಚಿಕ್ಕ ಕಣಗಳು ಅಂತ ಅರ್ಥ.

ಈ ಕಥೆ ಶುರುವಾದದ್ದು ಫ್ರಾನ್ಸಿನ ಬೋರ್ಡೋದಲ್ಲಿ. ಜಾಕ್ ಮಾಸ್ಕೆಲಿಯೆ ಅನ್ನುವ ವಿಜ್ಞಾನಿ 1940ರ ದಶಕದಲ್ಲಿ ಇವನ್ನು ಮೊದಲು ಬೇರ್ಪಡಿಸಿದ್ದು ದ್ರಾಕ್ಷಿಯಿಂದ ಅಲ್ಲ, ಕಡಲೆಕಾಯಿ ಬೀಜದ ಕೆಂಪು ಸಿಪ್ಪೆಯಿಂದ. ಬಸವನಗುಡಿ ಪರಿಷೆಯಲ್ಲಿ ನಾವು ಅಂಗೈಯಲ್ಲಿ ಉಜ್ಜಿ ಊದಿ ಹಾರಿಸುತ್ತೇವಲ್ಲ, ಅದೇ ಸಿಪ್ಪೆ. ದ್ರಾಕ್ಷಿ ಬೀಜಕ್ಕೆ ಅವರು ಬಂದದ್ದು ಆಮೇಲೆ. ಕಡಲೆಕಾಯಿ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೆಸ್ಟ್‌ಗೇಟ್ ಸರ್, ಬೀಜ ಇಡಿಯಾಗಿ ನುಂಗಿದರೆ ಅದು ಹೆಚ್ಚುಕಡಿಮೆ ಹಾಗೇ ಹೊರಗೆ ಹೋಗುತ್ತದೆ. ಹತ್ತಾರು ಬೀಜ ನುಂಗುವುದಕ್ಕೂ ರಾಶಿ ಬೀಜದ ಸತ್ವ ಹಿಂಡಿ ಒಂದು ಕ್ಯಾಪ್ಸೂಲ್‌ನಲ್ಲಿ ತುಂಬುವುದಕ್ಕೂ ಸಂಬಂಧವೇ ಇಲ್ಲ.

ಡ್ಯೂಟಿ ಡಾಕ್ಟರ್ ಬನಶಂಕರಿ

ನಾನು ಜನರಲ್ ಫಿಸಿಶಿಯನ್. ಇಲ್ಲಿ ಹೇಳುವುದು ಪೇಷಂಟ್ ನೋಡದೆ ಹೇಳುವ ಮಾತು, ಹಾಗೇ ತೆಗೆದುಕೊಳ್ಳಿ.

ಬಿ.ಪಿ. ಇಳಿಯುತ್ತದಾ? ಇಳಿಯಬಹುದು, ಸ್ವಲ್ಪ. 2011ರಲ್ಲಿ 9 ಪ್ರಯೋಗಗಳ 390 ಜನರ ಲೆಕ್ಕ ಒಟ್ಟು ಹಾಕಿ ನೋಡಿದಾಗ ಮೇಲಿನ ಬಿ.ಪಿ. ಸರಾಸರಿ ಒಂದೂವರೆ ಪಾಯಿಂಟ್ ಇಳಿದಿತ್ತು. ಕೊಲೆಸ್ಟ್ರಾಲ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ 16 ಪ್ರಯೋಗಗಳ 810 ಜನರ ಲೆಕ್ಕ ಬಂತು. ಅದರಲ್ಲಿ ಮೇಲಿನದು ಸುಮಾರು 6, ಕೆಳಗಿನದು ಸುಮಾರು 3 ಪಾಯಿಂಟ್ ಇಳಿದಿತ್ತು. ಜಾಸ್ತಿ ಇಳಿದದ್ದು ವಯಸ್ಸು ಕಡಿಮೆ ಇದ್ದವರಲ್ಲಿ, ತೂಕ ಜಾಸ್ತಿ ಇದ್ದವರಲ್ಲಿ. 68ರ ಮಾವನವರು ಆ ಗುಂಪಿಗೆ ಸೇರುವುದಿಲ್ಲ.

ಪ್ರಯೋಗಗಳೆಲ್ಲ ಚಿಕ್ಕವು. ಹೆಚ್ಚಿನವು ಕೆಲವೇ ವಾರ ನಡೆದವು. ಅಮೆರಿಕದಲ್ಲಿ ಬಿ.ಪಿ. ಗಡಿ ಮಟ್ಟದಲ್ಲಿದ್ದ 36 ಜನರ ಮೇಲೆ ನಡೆಸಿದ್ದು ಒಂದಿದೆ. ದಿನಕ್ಕೆ 300 ಮಿಲಿಗ್ರಾಂ ಸಾರವನ್ನು ಜ್ಯೂಸ್‌ನಲ್ಲಿ ಬೆರೆಸಿ ಆರು ವಾರ ಕೊಟ್ಟರು. ಬಿ.ಪಿ. ಇಳಿಯಿತು. ನಿಲ್ಲಿಸಿದ ಮೇಲೆ ಮತ್ತೆ ಮೊದಲಿದ್ದಲ್ಲಿಗೇ ಬಂತು. ಅಂದರೆ "ಆರು ತಿಂಗಳು ತಗೊಂಡು ಮಾತ್ರೆ ಬಿಡಿ" ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಹಾರ್ಟ್ ಅಟ್ಯಾಕ್ ತಪ್ಪಿಸುತ್ತದೆ, ಸ್ಟ್ರೋಕ್ ತಪ್ಪಿಸುತ್ತದೆ ಅಂತ ತೋರಿಸಿದ ದೊಡ್ಡ ಪ್ರಯೋಗವೂ ಇಲ್ಲ. ಬಿ.ಪಿ. ಮಾತ್ರೆಗಳಿಗೆ, ಸ್ಟಾಟಿನ್‌ಗೆ ಅಂಥ ಪ್ರಯೋಗ ಸಾವಿರಾರು ಜನರ ಮೇಲೆ ಆಗಿದೆ.

ಸ್ಟೆಂಟ್ ಇರುವವರು ಯಾರದೋ ಮಾತು ಕೇಳಿ ಕ್ಲೋಪಿಡೊಗ್ರೆಲ್ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಸಂಚಕಾರ. ನನಗೆ ಇಲ್ಲಿ ಹೆದರಿಕೆ ಆಗುವುದು ಕ್ಯಾಪ್ಸೂಲ್‌ಗಿಂತ ಆ ಪಾರ್ಕ್ ಸಲಹೆಗೆ.

ವಿಜಯನಗರದ ಸೊಸೆ

ಡಾಕ್ಟರೇ, ತುಂಬಾ ಥ್ಯಾಂಕ್ಸ್. ಡಬ್ಬಿ ಮೇಲೆ ಬರೆದಿರುವುದನ್ನು ನೋಡಿ ಟೈಪ್ ಮಾಡುತ್ತಿದ್ದೇನೆ. ಎರಡು ಕ್ಯಾಪ್ಸೂಲ್‌ಗೆ ದ್ರಾಕ್ಷಿ ಬೀಜದ ಸಾರ 400 ಮಿಲಿಗ್ರಾಂ, 95% ಪಾಲಿಫಿನಾಲ್. ವಿಟಮಿನ್ ಸಿ 500 ಮಿಲಿಗ್ರಾಂ. ಅದರ ಕೆಳಗೆ ಇನ್ನೊಂದು ಸಾಲು, ಏನೋ ಮಿಶ್ರಣ 150 ಮಿಲಿಗ್ರಾಂ ಅಂತ. ಅದರಲ್ಲಿ ಹಸಿರು ಟೀ ಸಾರ, ಪೈನ್ ಮರದ ತೊಗಟೆ, ಅರಿಶಿನ. ಯಾವುದು ಎಷ್ಟು ಅಂತ ಹಾಕಿಲ್ಲ. ಮೀನೆಣ್ಣೆ ತಗೋತಾರಾ ಅಂತ ಕೇಳಿದ್ದಿರಿ. ಹೌದು, ಬೀರುವಿನಲ್ಲಿ ಅದೂ ಇದೆ!

ಡ್ಯೂಟಿ ಡಾಕ್ಟರ್ ಬನಶಂಕರಿ

ವಿಟಮಿನ್ ಸಿ ಸೇರಿರುವುದನ್ನು ಹೇಳಿದ್ದು ಒಳ್ಳೆಯದಾಯಿತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಡೆದ ಒಂದು ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಆಗಲೇ ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಆರು ವಾರ ದಿನಕ್ಕೆ 500 ಮಿಲಿಗ್ರಾಂ ವಿಟಮಿನ್ ಸಿ, 1000 ಮಿಲಿಗ್ರಾಂ ದ್ರಾಕ್ಷಿ ಬೀಜದ ಪಾಲಿಫಿನಾಲ್, ಅಥವಾ ಎರಡೂ ಕೊಟ್ಟರು. ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ ಬಿ.ಪಿ. ಇಳಿಯುವ ಬದಲು ಏರಿತು. ಮೇಲಿನದು ಸುಮಾರು 5 ಪಾಯಿಂಟ್, ಕೆಳಗಿನದು ಸುಮಾರು 3.

ಒಂದೇ ಪ್ರಯೋಗ, ಪ್ರಮಾಣವೂ ಜಾಸ್ತಿ. ಆದರೆ ಬಿ.ಪಿ. ಇಳಿಸಲೆಂದು ತರಿಸಿದ ಡಬ್ಬಿಯಲ್ಲಿ ಅದೇ ಜೋಡಿ ಕೂತಿದೆ ನೋಡಿ. ಕೊಂಡವರಿಗೆ ಗೊತ್ತಿಲ್ಲ, ಮಾರುವವರು ಹೇಳುವುದಿಲ್ಲ.

ಫುಡ್ ಲ್ಯಾಬ್ ಹುಡುಗ

ಈಗ ಲೇಬಲ್ ವಿಷಯ. ಅಕ್ಕ ಬರೆದದ್ದರಲ್ಲಿ ಮೂರು ಕಡೆ ನನ್ನ ಕಣ್ಣು ಹೋಯಿತು.

"95% ಪಾಲಿಫಿನಾಲ್" ಅಂದರೆ 95% ಪ್ರೊಆಂಥೋಸಯನಿಡಿನ್ ಅಂತ ಅಲ್ಲ. ಪಾಲಿಫಿನಾಲ್ ಅನ್ನುವುದು ಗಿಡಗಳಲ್ಲಿರುವ ಇಂಥ ವಸ್ತುಗಳ ದೊಡ್ಡ ಕುಟುಂಬ. ಮಾಮೂಲಿ ಬಣ್ಣದ ಪರೀಕ್ಷೆಯಲ್ಲಿ ಟೀ ಸೊಪ್ಪಿನದು, ಕಡಲೆಕಾಯಿ ಸಿಪ್ಪೆಯದು, ಯಾವುದು ಹಾಕಿದರೂ ಪಾಲಿಫಿನಾಲ್ ಅಂತಲೇ ಲೆಕ್ಕಕ್ಕೆ ಬರುತ್ತದೆ. ಅದರಿಂದ ದ್ರಾಕ್ಷಿ ಬೀಜದ ಸಾರಕ್ಕೆ ಅಗ್ಗದ ಕಡಲೆಕಾಯಿ ಸಿಪ್ಪೆಯ ಸಾರ ಬೆರೆಸುವುದು ಸುಲಭ. 2015ರಲ್ಲಿ ಸಂಶೋಧಕರು ಮಾರುಕಟ್ಟೆಯ 21 ಉತ್ಪನ್ನಗಳನ್ನು ಪರೀಕ್ಷಿಸಿದಾಗ ಗುಣಮಟ್ಟ ಒಂದೊಂದರದು ಒಂದೊಂದು ತರಹ ಇತ್ತು. ಕೆಲವದರಲ್ಲಿ ಇದ್ದದ್ದು ಹೆಚ್ಚಿನ ಪಾಲು ಕಡಲೆಕಾಯಿ ಸಿಪ್ಪೆ. ಎರಡರ ಪ್ರೊಆಂಥೋಸಯನಿಡಿನ್‌ಗಳಲ್ಲಿ ಕಣಗಳು ಒಂದಕ್ಕೊಂದು ಕೂಡಿಕೊಂಡಿರುವ ರೀತಿ ಬೇರೆ. ದ್ರಾಕ್ಷಿಯದು ಬಿ ಮಾದರಿ, ಕಡಲೆಕಾಯಿಯದು ಎ ಮಾದರಿ. ಅದಕ್ಕೆ ಸರಿಯಾದ ಯಂತ್ರದಲ್ಲಿ ನೋಡಿದರೆ ಸಿಕ್ಕಿಬೀಳುತ್ತದೆ. ಡಬ್ಬಿ ನೋಡಿ ಯಾರಿಗೂ ಗೊತ್ತಾಗುವುದಿಲ್ಲ. ಕಡಲೆಕಾಯಿ ಅಲರ್ಜಿ ಇರುವವರಿಗೆ ಇದು ಆಟ ಅಲ್ಲ.

ಎರಡನೆಯದು ಆ "ಮಿಶ್ರಣ 150 ಮಿಲಿಗ್ರಾಂ". ಯಾವುದು ಎಷ್ಟು ಅಂತ ಹೇಳದ ಮಿಶ್ರಣ ಇದ್ದರೆ ನಾನಂತೂ ಮುಟ್ಟುವುದಿಲ್ಲ. ನಾಳೆ ಮೈ ಮೇಲೆ ಗಂದೆ ಎದ್ದರೆ ಯಾವುದರಿಂದ ಅಂತ ಹುಡುಕುವುದು?

ಮೂರನೆಯದು "ಎರಡು ಕ್ಯಾಪ್ಸೂಲ್‌ಗೆ" ಅನ್ನುವ ಸಣ್ಣ ಅಕ್ಷರ. ಮುಂದೆ 400 ಅಂತ ದಪ್ಪಕ್ಕೆ ಬರೆದಿರುತ್ತಾರೆ. ಅದು ಒಂದಕ್ಕೆ ಅಂದುಕೊಂಡು ಎರಡು ನುಂಗುವವರು, ನಾಲ್ಕು ನುಂಗುವವರು ಎಲ್ಲ ಇದ್ದಾರೆ.

ಇಲ್ಲೇ ತಯಾರಾಗಿ ಸಪ್ಲಿಮೆಂಟ್ ಅಂತ ಮಾರಾಟವಾಗುವ ಡಬ್ಬಿ ಆದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ಪರವಾನಗಿ ನಂಬರ್ ಇರಬೇಕು. 2016ರ ನಿಯಮದ ಪ್ರಕಾರ ಔಷಧಿಯಾಗಿ ಬಳಸಲು ಅಲ್ಲ ಅನ್ನುವ ಸಾಲೂ ಇರಬೇಕು. ಆ ಸಾಲನ್ನು ಎಷ್ಟು ಸಣ್ಣಕ್ಕೆ ಹಾಕಿರುತ್ತಾರೆ ಅಂದರೆ ನಮ್ಮ ಅಪ್ಪ ಕನ್ನಡಕ ಹಾಕಿದರೂ ಕಾಣಲ್ಲ.

ದೇವನಹಳ್ಳಿ ತೋಟ

ನಮ್ಮದು ದ್ರಾಕ್ಷಿ ತೋಟ, ಬೆಂಗಳೂರು ಬ್ಲೂ. ಈ ಚರ್ಚೆ ಓದಿ ನಗು ಬಂತು. ಮಾರ್ಕೆಟ್‌ನಲ್ಲಿ "ಬೀಜ ಇದೆಯಾ" ಅಂತ ಕೇಳಿ ಮೂತಿ ತಿರುಗಿಸಿ ಸೀಡ್‌ಲೆಸ್ ಕಡೆ ಹೋಗುತ್ತಾರೆ. ಅದೇ ಬೀಜ ಅಮೆರಿಕದಿಂದ ಡಬ್ಬಿಯಲ್ಲಿ ಬಂದರೆ ಬೀರುವಿನಲ್ಲಿ ಇಡುತ್ತಾರೆ!

ನಮ್ಮ ಹಣ್ಣಿಗೆ 2013ರಲ್ಲಿ ಜಿಐ ಟ್ಯಾಗ್, ಅಂದರೆ ಈ ಪ್ರದೇಶದ್ದೇ ಬೆಳೆ ಅನ್ನುವ ಗುರುತು ಬಂದಿದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಕಡೆ ಬೆಳೆಯುತ್ತೇವೆ. ಸಿಪ್ಪೆ ದಪ್ಪ, ಬೀಜ ಗಟ್ಟಿ, ಪರಿಮಳ ಜೋರು. ಜ್ಯೂಸ್‌ಗೆ, ವೈನ್‌ಗೆ ಜಾಸ್ತಿ ಹೋಗುತ್ತದೆ. ಹಿಂಡಿದ ಹಿಪ್ಪೆ ನಮ್ಮ ಕಡೆ ಗೊಬ್ಬರದ ಗುಂಡಿಗೆ.

ಬೋರ್ಡೋ ಅಂದಿರಲ್ಲ, ಆ ಊರಿನ ಹೆಸರು ನಮಗೆ ಬೇರೆ ರೀತಿ ಗೊತ್ತು. ಬೂಜು ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತೇವಲ್ಲ, ಬೋರ್ಡೋ ದ್ರಾವಣ, ಅದು ಅಲ್ಲಿಂದಲೇ ಬಂದದ್ದು. ಔಷಧಿ ಹೊಡೆಯದೆ ದ್ರಾಕ್ಷಿ ಬೆಳೆಯುವುದು ಸುಲಭ ಅಲ್ಲ. ಹಿಂಡಿದ ಹಿಪ್ಪೆಯ ಸತ್ವ ಇಳಿಸುವಾಗ ಹೊಡೆದ ಔಷಧಿಯ ಉಳಿಕೆಯೂ ಜೊತೆಗೆ ಬರುತ್ತದಾ?

ಫುಡ್ ಲ್ಯಾಬ್ ಹುಡುಗ

ಒಳ್ಳೆ ಪ್ರಶ್ನೆ ಯಜಮಾನರೇ. ಬರಬಹುದು. ಅದಕ್ಕೇ ಒಳ್ಳೆಯ ಕಂಪನಿಗಳು ಕೀಟನಾಶಕದ ಉಳಿಕೆ, ಸೀಸದಂಥ ಲೋಹ, ಸಾರ ಇಳಿಸಲು ಬಳಸಿದ ದ್ರವದ ಉಳಿಕೆ ಎಲ್ಲ ಪರೀಕ್ಷೆ ಮಾಡಿಸಿ ಬ್ಯಾಚ್ ವರದಿ ಇಟ್ಟುಕೊಳ್ಳುತ್ತವೆ. ಬ್ಯಾಚ್ ನಂಬರ್ ಕೊಟ್ಟು ಕೇಳಿದರೆ ಕಳಿಸುವವರೂ ಇದ್ದಾರೆ. ಉತ್ತರವೇ ಬರದಿದ್ದರೆ ಅದೂ ಒಂದು ಉತ್ತರ.

ವೆಲ್‌ನೆಸ್ ಪಾರ್ಟ್‌ನರ್ 99

ಎಲ್ಲರೂ ಸುಮ್ನೆ ಹೆದರಿಸುತ್ತಿದ್ದೀರಿ. ನಮ್ಮ ಪ್ರಾಡಕ್ಟ್ ವಿಟಮಿನ್ ಸಿಗಿಂತ 20 ಪಟ್ಟು, ವಿಟಮಿನ್ ಇಗಿಂತ 50 ಪಟ್ಟು ಪವರ್‌ಫುಲ್. ಶುಗರ್, ಬಿ.ಪಿ., ಕ್ಯಾನ್ಸರ್ ಎಲ್ಲಕ್ಕೂ ರಿಸಲ್ಟ್ ಬಂದಿದೆ. ಬೇಕಾದವರು ಇನ್‌ಬಾಕ್ಸ್ ಮಾಡಿ. ಬೆಂಗಳೂರಿನೊಳಗೆ ಡೆಲಿವರಿ ಫ್ರೀ.

ನಿರ್ವಾಹಕರು

ವೆಲ್‌ನೆಸ್ ಪಾರ್ಟ್‌ನರ್ ಅವರೇ, ಇಲ್ಲಿ ವ್ಯಾಪಾರ ಬೇಡ. ಮಧುಮೇಹ, ರಕ್ತದೊತ್ತಡ, ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ತಡೆಯುತ್ತದೆ. ನಿಮ್ಮ ಪೋಸ್ಟ್ ಅಳಿಸುತ್ತಿಲ್ಲ, ಉತ್ತರ ಬರಲಿ ಅಂತ ಬಿಟ್ಟಿದ್ದೇವೆ. ಇನ್ನೊಂದು ಸಲ ಹಾಕಿದರೆ ಖಾತೆ ಬಂದ್.

ಫುಡ್ ಲ್ಯಾಬ್ ಹುಡುಗ

ಆ 20 ಪಟ್ಟು, 50 ಪಟ್ಟು ಅನ್ನುವುದು ಆಂಟಿಆಕ್ಸಿಡೆಂಟ್ ಶಕ್ತಿಯ ಲೆಕ್ಕ, ಅಂದರೆ ಜೀವಕೋಶ ಹಾಳುಮಾಡುವ ಕಣಗಳನ್ನು ತಡೆಯುವ ಗುಣ. ಅದೆಲ್ಲ ಗಾಜಿನ ಕೊಳವೆಯ ಮಾತು. ದೇಹದೊಳಗೆ ಹೋದರೆ ಪ್ರೊಆಂಥೋಸಯನಿಡಿನ್‌ನ ದೊಡ್ಡ ಕಣಗಳು ಕರುಳಿನಿಂದ ರಕ್ತಕ್ಕೆ ಹೋಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಒಡೆದು ಬೇರೆ ವಸ್ತು ಮಾಡುತ್ತವೆ. ಕೆಲಸ ಮಾಡುವುದಿದ್ದರೆ ಬಹುಶಃ ಅವೇ ಮಾಡುತ್ತವೆ. ಇಂಥ ಕೊಳವೆ ಅಂಕಿಗಳನ್ನು ಮಾರಾಟಕ್ಕೆ ಬಳಸುತ್ತಿದ್ದಾರೆ ಅಂತಲೇ ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಪಟ್ಟಿಯನ್ನು 2012ರಲ್ಲಿ ವಾಪಸ್ ತೆಗೆಯಿತು.

ಡ್ಯೂಟಿ ಡಾಕ್ಟರ್ ಬನಶಂಕರಿ

ಆಂಟಿಆಕ್ಸಿಡೆಂಟ್ ಅಂದಮಾತ್ರಕ್ಕೆ ಒಳ್ಳೆಯದೇ ಆಗಬೇಕು ಅಂತಿಲ್ಲ. ಫಿನ್‌ಲ್ಯಾಂಡ್‌ನಲ್ಲಿ ಸಿಗರೇಟ್ ಸೇದುವವರಿಗೆ ಬೀಟಾ ಕ್ಯಾರೋಟಿನ್ ಮಾತ್ರೆ ಕೊಟ್ಟು ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಲಿ ಅಂತ ಕೊಟ್ಟದ್ದು. ಜಾಸ್ತಿ ಆಯಿತು. ಅದು 1994ರಲ್ಲಿ ಪ್ರಕಟವಾಗಿದೆ.

ಕ್ಯಾನ್ಸರ್ ಬಗ್ಗೆ ದ್ರಾಕ್ಷಿ ಬೀಜದ ಪುರಾವೆ ಹೆಚ್ಚಿನದೆಲ್ಲ ಲ್ಯಾಬ್‌ನ ಜೀವಕೋಶಗಳಲ್ಲಿ, ಇಲಿಗಳಲ್ಲಿ. ಮನುಷ್ಯರ ಮೇಲೆ ನಡೆದದ್ದರಲ್ಲಿ ಬ್ರಿಟನ್ನಿನದು ಒಂದಿದೆ. ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್ ಆದ ಮೇಲೆ ಗಟ್ಟಿಯಾದ ಅಂಗಾಂಶ ಮೆತ್ತಗಾಗುತ್ತದಾ ಅಂತ ಆರು ತಿಂಗಳು ಕೊಟ್ಟು ನೋಡಿದರು. ಪ್ರಯೋಜನ ಕಾಣಲಿಲ್ಲ.

ಯಶವಂತಪುರ ಟೀಚರ್

ನನ್ನದು ಬೇರೆ ವಿಷಯ. ದಿನವಿಡೀ ನಿಂತು ಪಾಠ ಮಾಡುವ ಕೆಲಸ. ಸಾಯಂಕಾಲ ಕಾಲು ಭಾರ, ಊತ, ಮೊಣಕಾಲಿನ ಕೆಳಗೆ ನೀಲಿ ನರ ಉಬ್ಬಿವೆ. ಯೂಟ್ಯೂಬ್‌ನಲ್ಲಿ ಇದಕ್ಕೆ ದ್ರಾಕ್ಷಿ ಬೀಜ ಒಳ್ಳೆಯದು ಅಂದರು. ನಾನು ಬೇರೆ ಯಾವ ಮಾತ್ರೆಯೂ ತೆಗೆದುಕೊಳ್ಳುತ್ತಿಲ್ಲ.

ಡ್ಯೂಟಿ ಡಾಕ್ಟರ್ ಬನಶಂಕರಿ

ಮೇಡಂ, ದ್ರಾಕ್ಷಿ ಬೀಜದ ಪರವಾಗಿ ಏನಾದರೂ ಹೇಳಬಹುದು ಅಂದರೆ ಇದೇ ಜಾಗ. ರಕ್ತನಾಳ ದುರ್ಬಲವಾಗಿ ಕಾಲು ಭಾರ ಆಗುವುದು, ಊದುವುದು ಸ್ವಲ್ಪ ಕಡಿಮೆ ಆಗುತ್ತದೆ ಅಂತ ಕೆಲವು ಸಣ್ಣ ಪ್ರಯೋಗಗಳಿವೆ. ಫ್ರಾನ್ಸ್‌ನಲ್ಲಿ ಹಿಂದಿನಿಂದಲೂ ಈ ಉದ್ದೇಶಕ್ಕೆ ಬಳಸಿದ್ದಾರೆ. ಆದರೆ ಉಬ್ಬಿದ ನರ ಮಾಯ ಆಗುವುದಿಲ್ಲ.

ಮೊದಲು ಬಿಗಿ ಸಾಕ್ಸ್ ಹಾಕಿ ನೋಡಿ, ಅಳತೆ ತೆಗೆಸಿಕೊಂಡು ಕೊಳ್ಳಬೇಕು. ಬಿಡುವಿದ್ದಾಗ ಸ್ಟೂಲ್ ಮೇಲೆ ಕಾಲು ಇಡಿ. ಪಾಠ ಮಾಡುತ್ತಲೇ ಹಿಮ್ಮಡಿ ಎತ್ತಿ ಇಳಿಸಿ, ಮಕ್ಕಳು ನಕ್ಕರೆ ನಗಲಿ. ಆಮೇಲೂ ಬೇಕು ಅನಿಸಿದರೆ ಡಾಕ್ಟರ್‌ಗೆ ತೋರಿಸಿ ಕ್ಯಾಪ್ಸೂಲ್ ಯೋಚಿಸಬಹುದು. ಸಾಮಾನ್ಯ ಪ್ರಮಾಣದಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ. ಕೆಲವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ನೆತ್ತಿ ತುರಿಕೆ ಆಗುತ್ತದೆ. ಸುಮಾರು 11 ತಿಂಗಳವರೆಗೆ ಕೊಟ್ಟು ನೋಡಿದ ಅಧ್ಯಯನಗಳಿವೆ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ನೋವು, ಬಿಸಿ, ಕೆಂಪು ಕಂಡರೆ ಮಾತ್ರ ಯಾವ ಕ್ಯಾಪ್ಸೂಲೂ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದು ಕಾಯುವ ವಿಷಯ ಅಲ್ಲ.

ಪಿಜಿ ಮಾರತ್ತಹಳ್ಳಿ

ನಾನು ಸ್ಕಿನ್ ಗ್ಲೋಗೆ ಅಂತ ಗ್ಲುಟಾಥಯೋನ್ ಜೊತೆ ದ್ರಾಕ್ಷಿ ಬೀಜ ಇರುವ ಮಾತ್ರೆ ತಗೋತಿದ್ದೇನೆ. ಹಿಮೋಗ್ಲೋಬಿನ್ 9.8 ಅಂತ ಐರನ್ ಮಾತ್ರೆನೂ ಕೊಟ್ಟಿದ್ದಾರೆ. ಎರಡನ್ನೂ ತಿಂಡಿ ಆದಮೇಲೆ ಕಾಫಿ ಜೊತೆ ಒಟ್ಟಿಗೆ ನುಂಗುತ್ತೇನೆ. ಪರವಾಗಿಲ್ಲ ಅಲ್ವಾ?

ಗಿರಿನಗರ ಮೆಡಿಕಲ್ಸ್

ಅಯ್ಯೋ ತಂಗಿ! ಕಾಫಿಯೂ ಐರನ್ ಹೀರಿಕೊಳ್ಳಲು ಬಿಡುವುದಿಲ್ಲ, ಈ ಒಗರಿನ ಸಾರವೂ ಬಿಡುವುದಿಲ್ಲ. ಪಾಲಿಫಿನಾಲ್‌ಗಳು ಹೊಟ್ಟೆಯೊಳಗೇ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿದ್ದೀಯ.

ಐರನ್ ಮಾತ್ರೆಯನ್ನು ನಿಂಬೆ ಶರಬತ್ತಿನ ಜೊತೆ ತಗೋ. ಕಾಫಿ, ಟೀಗೆ ಕನಿಷ್ಠ ಒಂದೆರಡು ಗಂಟೆ ಬಿಡು. ಗ್ಲೋ ಮಾತ್ರೆ ಹಿಮೋಗ್ಲೋಬಿನ್ ಸರಿಹೋಗುವವರೆಗೆ ಪಕ್ಕಕ್ಕಿಡು. ಅದು ಸರಿಹೋದರೆ ಮುಖದಲ್ಲಿ ಕಳೆ ತಾನಾಗೇ ಬರುತ್ತದೆ, ನೋಡುತ್ತಿರು.

ಡ್ಯೂಟಿ ಡಾಕ್ಟರ್ ಬನಶಂಕರಿ

ಒಪ್ಪಿದೆ. 9.8 ಯಾಕೆ ಆಯಿತು ಅಂತಲೂ ನೋಡಿಸಿ. ಮುಟ್ಟಿನ ಸಮಯದಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಹೇಳಿ. ಗರ್ಭಿಣಿಯರು, ಹಾಲುಣಿಸುವವರಿಗೆ ದ್ರಾಕ್ಷಿ ಬೀಜದ ಸಾರ ಸುರಕ್ಷಿತ ಅನ್ನಲು ಸಾಕಷ್ಟು ಮಾಹಿತಿ ಇಲ್ಲ. ಅವರು ತೆಗೆದುಕೊಳ್ಳದಿರುವುದೇ ಸರಿ.

ಹನುಮಂತನಗರ ನೈನ್‌ಟೀಸ್

ಆನ್‌ಲೈನ್‌ನಲ್ಲಿ ಹುಡುಕಿದರೆ ದ್ರಾಕ್ಷಿ ಬೀಜದ ಎಣ್ಣೆ, ದ್ರಾಕ್ಷಿ ಬೀಜದ ಸಾರ, ಗ್ರೇಪ್‌ಫ್ರೂಟ್ ಬೀಜದ ಸಾರ ಎಲ್ಲ ಒಟ್ಟಿಗೆ ಬರುತ್ತಿವೆ. ಎಲ್ಲ ಒಂದೇನಾ?

ಫುಡ್ ಲ್ಯಾಬ್ ಹುಡುಗ

ಮೂರೂ ಬೇರೆ ಬೇರೆ. ಎಣ್ಣೆ ಅಡುಗೆಗೆ, ಮೈಕೈಗೆ. ಅದರಲ್ಲಿ ಹೆಚ್ಚಾಗಿರುವುದು ಲಿನೋಲಿಕ್ ಆಮ್ಲ, ಒಗರಿನ ವಸ್ತು ಇಲ್ಲವೆನ್ನುವಷ್ಟು ಕಡಿಮೆ. ಗ್ರೇಪ್‌ಫ್ರೂಟ್ ನಮ್ಮ ಚಕ್ಕೋತದ ನೆಂಟ, ದ್ರಾಕ್ಷಿಗೆ ಸಂಬಂಧವೇ ಇಲ್ಲ. ಅದರ ಬೀಜದ ಸಾರ ಅಂತ ಮಾರಿದ ಕೆಲವು ಬಾಟಲಿಗಳಲ್ಲಿ ಬೆಂಜಾಲ್ಕೋನಿಯಮ್ ಕ್ಲೋರೈಡ್ ಅನ್ನುವ ಸೋಂಕುನಾಶಕ ರಾಸಾಯನಿಕ ಸಿಕ್ಕಿದೆ.

ಗಿರಿನಗರ ಮೆಡಿಕಲ್ಸ್

ಗ್ರೇಪ್‌ಫ್ರೂಟ್ ಹಣ್ಣು ಅಟೋರ್ವಾಸ್ಟಾಟಿನ್ ಜೊತೆ ಜಾಸ್ತಿ ತಿಂದರೆ ರಕ್ತದಲ್ಲಿ ಆ ಔಷಧಿಯ ಮಟ್ಟ ಏರುತ್ತದೆ. ವಿಜಯನಗರದ ಅಕ್ಕ, ನಿಮ್ಮ ಮಾವನವರಿಗೂ ಅನ್ವಯಿಸುತ್ತದೆ.

ಲಾಲ್‌ಬಾಗ್ ವೆಸ್ಟ್‌ಗೇಟ್

ಸರಿ, ನಾನೂ ಒಂದು ಕೇಳುತ್ತೇನೆ. ಮುಂದಿನ ತಿಂಗಳು ನನಗೆ ಎರಡು ಹಲ್ಲು ಕೀಳಿಸುವುದಿದೆ. ಬಿ.ಪಿ. ಮಾತ್ರೆ ಬಿಟ್ಟರೆ ಬೇರೆ ಏನೂ ಇಲ್ಲ. ಕ್ಯಾಪ್ಸೂಲ್ ನಿಲ್ಲಿಸಬೇಕಾ?

ಡ್ಯೂಟಿ ಡಾಕ್ಟರ್ ಬನಶಂಕರಿ

ನಿಲ್ಲಿಸಿ ಸರ್. ಆಪರೇಷನ್, ಹಲ್ಲು ಕೀಳಿಸುವುದು, ಬಯಾಪ್ಸಿ ಏನೇ ಇದ್ದರೂ ಇಂಥ ಸಪ್ಲಿಮೆಂಟ್‌ಗಳನ್ನು ಸುಮಾರು ಎರಡು ವಾರ ಮೊದಲೇ ನಿಲ್ಲಿಸುವುದು ವಾಡಿಕೆ. ದಂತ ವೈದ್ಯರಿಗೆ "ತೆಗೆದುಕೊಳ್ಳುತ್ತಿದ್ದೆ" ಅಂತ ಹೇಳಿ.

ಇದನ್ನು ಓದುವ ಬೇರೆಯವರಿಗೆ ಮಾತ್ರ ಒಂದು ಮಾತು. ನಿಲ್ಲಿಸಬೇಕಾದದ್ದು ಸಪ್ಲಿಮೆಂಟ್. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಅಲ್ಲ. ಅವನ್ನು ನಿಲ್ಲಿಸಬೇಕಾ, ಯಾವಾಗ, ಎಷ್ಟು ದಿನ ಅಂತ ಹೃದಯದ ಡಾಕ್ಟರ್ ಹೇಳಬೇಕು. ಹಲ್ಲು ಕೀಳಿಸಲು ಅಂತ ಸ್ವಂತ ತೀರ್ಮಾನದಲ್ಲಿ ಕ್ಲೋಪಿಡೊಗ್ರೆಲ್ ಬಿಟ್ಟು ಎದೆನೋವಿನೊಂದಿಗೆ ಎಮರ್ಜೆನ್ಸಿಗೆ ಬಂದವರನ್ನು ನಾನು ನೋಡಿದ್ದೇನೆ.

ವಿಜಯನಗರದ ಸೊಸೆ

ಡಾಕ್ಟರ್ ಹತ್ತಿರ ಹೋಗಿ ಬಂದೆವು. ಡಬ್ಬಿ, ಮೀನೆಣ್ಣೆ, ಮಾತ್ರೆಗಳ ಸ್ಟ್ರಿಪ್ ಎಲ್ಲ ಒಂದು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿದೆ. ಅವರು ಡಬ್ಬಿ ತಿರುಗಿಸಿ ಓದಿ ನೇರವಾಗಿ "ಬೇಡ" ಅಂದರು. ಮೀನೆಣ್ಣೆಯೂ ಬೇಡ ಅಂದರು. ಮಾವನವರು "ತಂಗಿ ಮಗ ಅಷ್ಟು ದೂರದಿಂದ ತಂದಿದ್ದಾನೆ" ಅಂದದ್ದಕ್ಕೆ, "ಮುಂದಿನ ಸಲ ಬಿ.ಪಿ. ನೋಡುವ ಮಷಿನ್ ತರಲು ಹೇಳಿ" ಅಂದರು.

ಮನೆಯಲ್ಲಿ ಬಿ.ಪಿ. ಅಳೆದು ಬರೆದಿಡಲು ಹೇಳಿದ್ದಾರೆ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿ, ಎರಡು ಸಲ ನೋಡಬೇಕಂತೆ. ಉಪ್ಪಿನ ವಿಷಯ ಬಂದಾಗ ಮಾತ್ರ ಮಾವನವರ ಮುಖ ಚಿಕ್ಕದಾಯಿತು. ದಿನಕ್ಕೆ 5 ಗ್ರಾಂ ಒಳಗೆ ಅಂದರೆ ಒಂದು ಟೀ ಚಮಚ. ಸಾರು, ಪಲ್ಯ, ಹಪ್ಪಳ, ಸಾಯಂಕಾಲದ ಖಾರಾ ಬೂಂದಿ ಎಲ್ಲ ಸೇರಿ ಅಷ್ಟೇ.

ಲಾಲ್‌ಬಾಗ್ ವೆಸ್ಟ್‌ಗೇಟ್

ಖಾರಾ ಬೂಂದಿ ಬಿಡುವುದು ಉಪ್ಪಿನಕಾಯಿ ಬಿಡುವುದಕ್ಕಿಂತ ಕಷ್ಟ. ಅವರಿಗೆ ನನ್ನ ಸಂತಾಪ ತಿಳಿಸಿ.

ಪಿಜಿ ಮಾರತ್ತಹಳ್ಳಿ

ಇಂಥ ಸಪ್ಲಿಮೆಂಟ್ ತಗೊಂಡು ಯಾರಿಗಾದರೂ ತೊಂದರೆ ಆದರೆ ಎಲ್ಲಿ ಹೇಳಬೇಕು? ನನ್ನ ರೂಮ್‌ಮೇಟ್‌ಗೆ ಇದೇ ಗ್ಲೋ ಮಾತ್ರೆಯಿಂದ ಮೈಯೆಲ್ಲ ಗಂದೆ ಎದ್ದಿತ್ತು. ಮಾರಿದವರು ಫೋನೇ ಎತ್ತಲಿಲ್ಲ.

ಗಿರಿನಗರ ಮೆಡಿಕಲ್ಸ್

ಮೊದಲು ಮಾತ್ರೆ ನಿಲ್ಲಿಸಿ ಡಾಕ್ಟರ್‌ಗೆ ತೋರಿಸಲಿ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಕಾಯದೆ ಎಮರ್ಜೆನ್ಸಿಗೆ ಹೋಗಬೇಕು. ಆ ಹುಡುಗಿಗೆ ಕಡಲೆಕಾಯಿ ಒಗ್ಗುತ್ತದಾ ಅಂತಲೂ ಕೇಳು, ಲ್ಯಾಬ್ ಹುಡುಗ ಹೇಳಿದ್ದು ನೆನಪಿದೆಯಲ್ಲ.

ಔಷಧಿಯ ಅಡ್ಡಪರಿಣಾಮ ವರದಿ ಮಾಡಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800 180 3024. ಗಿಡಮೂಲಿಕೆ ಉತ್ಪನ್ನದ ತೊಂದರೆಯನ್ನೂ ಹೇಳಬಹುದು. ಜನಸಾಮಾನ್ಯರೇ ಫೋನ್ ಮಾಡಬಹುದು, ಡಾಕ್ಟರ್ ಚೀಟಿ ಬೇಕಿಲ್ಲ. ಲೇಬಲ್, ಕಲಬೆರಕೆ ಬಗ್ಗೆ ದೂರು ಇದ್ದರೆ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಹಾಕಿ. ಡಬ್ಬಿ ಬಿಸಾಡಬೇಡಿ. ಬ್ಯಾಚ್ ನಂಬರ್, ತಯಾರಾದ ತಾರೀಕು, ಯಾವಾಗ ಶುರು ಮಾಡಿದ್ದು, ಗಂದೆ ಯಾವಾಗ ಎದ್ದದ್ದು, ಜೊತೆಗೆ ಬೇರೆ ಏನು ತೆಗೆದುಕೊಳ್ಳುತ್ತಿದ್ದರು, ಇಷ್ಟನ್ನೂ ಮೊದಲೇ ಬರೆದಿಟ್ಟುಕೊಂಡು ಫೋನ್ ಮಾಡಲಿ.